ಓದುಗರ ಪ್ರಶ್ನೆ: ನಮ್ಮ ಎಂಪಿ ಓಟು ಯಾವ ಕಡೆಗೆ ಬಿತ್ತು?

ಈ ಸಲ ಬಂದಿರೋ ಕಾಗದ, ವಾಟ್ಸಾಪ್ ಮೆಸೇಜಲ್ಲಿ ಅರ್ಧಕ್ಕರ್ಧ ಎಂಪಿಗಳ ಮೇಲೇ ಇವೆ, ಅದಕ್ಕೇ ಎಲ್ಲಾ ಒಟ್ಟಿಗೆ ತಗೊಂಡಿದೀನಿ. ಪಕ್ಷ ಪಂಗಡದ ಬೈಗುಳ ಇದ್ದವನ್ನ ಪಕ್ಕಕ್ಕಿಟ್ಟಿದೀನಿ, ಬೇಜಾರ್ ಮಾಡ್ಕೋಬೇಡಿ.

ಮದ್ದೂರಿನ ರೈತರೊಬ್ಬರು: ಸಾರ್, 2020ರಲ್ಲಿ ಮೂರು ಕೃಷಿ ಕಾಯ್ದೆ ಪಾಸಾದಾಗ ನಮ್ಮ ಮಂಡ್ಯ ಎಂಪಿ ಹೌದು ಅಂದ್ರಾ, ಇಲ್ಲ ಅಂದ್ರಾ? ಮಗನ ಕೈಲಿ ನೆಟ್ಟಲ್ಲಿ ಹುಡುಕ್ಸಿದೆ, ಸಿಗ್ಲಿಲ್ಲ.

ಸಿಗಲ್ಲ ಕಣಣ್ಣ, ಯಾಕಂದ್ರೆ ಅದನ್ನ ಯಾರೂ ಬರ್ದಿಟ್ಟೇ ಇಲ್ಲ. ಲೋಕಸಭೇಲಿ ಬಹುಪಾಲು ಮಸೂದೆ ಪಾಸಾಗೋದು ಧ್ವನಿಮತದಲ್ಲಿ. ಮಸೂದೆ ಪರ ಇರೋರು ಹೌದು ಅನ್ನಿ, ವಿರೋಧ ಇರೋರು ಇಲ್ಲ ಅನ್ನಿ ಅಂತ ಸ್ಪೀಕರ್ ಕೇಳ್ತಾರೆ, ಯಾವ ಕಡೆ ಸದ್ದು ಜಾಸ್ತಿ ಅನ್ಸುತ್ತೋ ಅದು ಗೆದ್ದಂಗೆ. ಮೇಲುಕೋಟೆ ವೈರಮುಡಿಲಿ ಗೋವಿಂದಾ ಅಂತ ಕೂಗೋವಾಗ ಯಾರು ಬಾಯಿ ತೆಗೆದ್ರು ಯಾರು ಸುಮ್ನಿದ್ರು ಅಂತ ಯಾರಾದ್ರೂ ಲೆಕ್ಕ ಇಡ್ತಾರಾ, ಹಂಗೇ ಇದೂ. ಆ ಮೂರೂ ಕೃಷಿ ಮಸೂದೆಗಳು ಲೋಕಸಭೇಲಿ 2020ರ ಸೆಪ್ಟೆಂಬರಲ್ಲಿ ಧ್ವನಿಮತದಲ್ಲೇ ಪಾಸಾದ್ವು. ರಾಜ್ಯಸಭೇಲಿ ಸೆಪ್ಟೆಂಬರ್ 20ಕ್ಕೆ ಅವುಗಳಲ್ಲಿ ಎರಡು ಬಂದಾಗ ವಿರೋಧ ಪಕ್ಷದೋರು ಎಣಿಸಿ ಎಣಿಸಿ ಅಂತ ಗಲಾಟೆ ಮಾಡಿದ್ರೂ ಗದ್ದಲದಲ್ಲೇ ಧ್ವನಿಮತ ಆಗೋಯ್ತು. ಮುಂದೆ 2021ರ ನವೆಂಬರ್ 29ಕ್ಕೆ ವಾಪಸ್ ತಗೊಂಡ್ರಲ್ಲ, ಅದಕ್ಕೂ ಧ್ವನಿಮತವೇ. ಅಂದ್ರೆ ಒಂದು ವರ್ಷ ದಿಲ್ಲಿ ಬಾರ್ಡರಲ್ಲಿ ರೈತರನ್ನ ಕೂರಿಸಿದ ಕಾಯ್ದೆ ಬಂದಾಗಲೂ ಹೋದಾಗಲೂ ಯಾವ ಎಂಪಿ ಹೆಸರಿನ ಮುಂದೂ ಒಂದು ಗೀಟೂ ಬೀಳಲಿಲ್ಲ!

ಹೆಸರು ಸಮೇತ ಸಿಗ್ಬೇಕು ಅಂದ್ರೆ ಡಿವಿಷನ್ ಆಗ್ಬೇಕು. ಯಾರಾದ್ರೂ ಸದಸ್ಯರು ಧ್ವನಿಮತ ಒಪ್ಪಲ್ಲ ಅಂದ್ರೆ ಮತಕ್ಕೆ ಹಾಕ್ತಾರೆ, ಹೌದು ಅನ್ನೋಕೆ ಹಸಿರು ಬಟನ್ನು, ಇಲ್ಲ ಅನ್ನೋಕೆ ಕೆಂಪು, ಯಾವ್ದೂ ಬೇಡ ಅಂದ್ರೆ ಹಳದಿ. ಸಂವಿಧಾನ ತಿದ್ದುಪಡಿ ಆದ್ರಂತೂ ಎಣಿಸಲೇಬೇಕು, ಹಾಜರಿದ್ದು ಓಟ್ ಹಾಕಿದೋರಲ್ಲಿ ಮೂರನೇ ಎರಡು ಭಾಗ ಬೇಕಲ್ಲ. 2023ರ ಮಹಿಳಾ ಮೀಸಲಾತಿ ಮಸೂದೆಗೆ 454 ಪರ, 2 ವಿರೋಧ ಅಂತ ಲೆಕ್ಕ ಸಿಕ್ಕಿದ್ದು ಹಂಗೇ. ತಿದ್ದುಪಡಿ ಅಲ್ದಿದ್ರೂ 2025ರ ಏಪ್ರಿಲಲ್ಲಿ ವಕ್ಫ್ ಮಸೂದೆಗೆ ನಡುರಾತ್ರಿ ದಾಟಿದ ಮೇಲೆ ಎಣಿಸಿದ್ರು, 288ಕ್ಕೆ 232. ಆ ದಿನದ ಕಲಾಪದ ವರದಿಲಿ ಯಾರ್ಯಾರು ಯಾವ ಕಡೆ ಅಂತ ಹೆಸರಿನ ಪಟ್ಟಿನೇ ಇರುತ್ತೆ, ಲೋಕಸಭೆ ವೆಬ್‌ಸೈಟಲ್ಲಿ ತೆಗೆದು ನೋಡ್ಬೋದು.

ಆದ್ರೆ ಅದನ್ನ ನೋಡಿ ಏನ್ ಮಾಡ್ತೀರಾ ಹೇಳಿ. ಪಕ್ಷ ವಿಪ್, ಅಂದ್ರೆ ಹಿಂಗೇ ಓಟ್ ಹಾಕ್ಬೇಕು ಅನ್ನೋ ಆದೇಶ, ಕೊಟ್ಟ ಮೇಲೆ ಅದರ ವಿರುದ್ಧ ಬಟನ್ ಒತ್ತಿದ್ರೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಪ್ರಕಾರ ಸೀಟಿಗೇ ಸಂಚಕಾರ, 15 ದಿನದೊಳಗೆ ಪಕ್ಷವೇ ಹೋಗ್ಲಿ ಬಿಡು ಅಂದ್ರೆ ಮಾತ್ರ ಬಚಾವು. ಹಂಗಾಗಿ ಬೆರಳು ಎಂಪಿದು, ಓಟು ಪಕ್ಷದ್ದು. ನೀವು ಕೇಳಿರೋ ಕಾಲದಲ್ಲಿ ಮಾತ್ರ ಮಂಡ್ಯದ್ದು ಬೇರೆ ಕತೆ: 2019ರಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ ಗೆದ್ದಿದ್ರು, ಅವರಿಗೆ ಯಾರ ವಿಪ್ಪೂ ಇರಲಿಲ್ಲ. ಇಡೀ ರಾಜ್ಯದಲ್ಲಿ ನಿನ್ನ ಸ್ವಂತ ಓಟು ಯಾವ್ದಮ್ಮಾ ಅಂತ ಕೇಳಬಹುದಾಗಿದ್ದ ಒಂದೇ ಲೋಕಸಭಾ ಕ್ಷೇತ್ರ ನಿಮ್ದು, ಅಲ್ಲೇ ಎಣಿಕೆ ಆಗ್ಲಿಲ್ಲ ಅನ್ನೋದು ನನಗೂ ಹೊಟ್ಟೆ ಉರಿ.

ಕೆ.ಆರ್.ನಗರದ ಕಾಲೇಜು ಹುಡುಗ: ಒಂದು ವೆಬ್‌ಸೈಟಲ್ಲಿ ಎಲ್ಲಾ ಎಂಪಿಗಳ ಹಾಜರಿ, ಪ್ರಶ್ನೆ ಲೆಕ್ಕ ಇದೆ, ನಮ್ಮವರದ್ದು ಮಾತ್ರ ಖಾಲಿ. ಪಾರ್ಲಿಮೆಂಟಿಗೆ ಹೋಗೋದೇ ಇಲ್ವಾ?

ಮೊದ್ಲು ನಮ್ಮವರು ಅಂದ್ರೆ ಯಾರು ಅಂತ ನೋಡ್ಕೊ ಮಗಾ. ನಿಮ್ಮೂರು ಮೈಸೂರು ಜಿಲ್ಲೆ, ಆದ್ರೆ ಲೋಕಸಭೆಗೆ ಮಂಡ್ಯ ಕ್ಷೇತ್ರ. ಮಂಡ್ಯದಿಂದ 2024ರಲ್ಲಿ ಗೆದ್ದ ಕುಮಾರಸ್ವಾಮಿ ಅವರು ಕೇಂದ್ರ ಮಂತ್ರಿ, ಮಂತ್ರಿಗಳು ಹಾಜರಿ ಹಾಕ್ಬೇಕಾಗಿಲ್ಲ, ಅವರು ಪ್ರಶ್ನೆ ಕೇಳೋ ಜಾಗದಲ್ಲಿಲ್ಲ, ಉತ್ತರ ಕೊಡೋ ಜಾಗದಲ್ಲಿದಾರೆ. ಖಾಲಿ ಇರೋದು ಅದಕ್ಕೇ. ಅವರನ್ನ ಅಳೀಬೇಕು ಅಂದ್ರೆ ಇಲಾಖೆ ಕೆಲಸದಲ್ಲಿ ಅಳೀಬೇಕು.

ಮೈಸೂರು ಸರಸ್ವತಿಪುರಂನ ನಿವೃತ್ತ ಮೇಡಂ: ಎಂಪಿ ಒಬ್ಬರಿಗೆ 90% ಹಾಜರಿ ಅಂತ ಪೋಸ್ಟರ್ ಹರಿದಾಡ್ತಿದೆ. ಒಳ್ಳೇದೇ ಅಲ್ವಾ?

ಒಳ್ಳೇದೇ ಮೇಡಂ, ಆದ್ರೆ ನೀವು ಕ್ಲಾಸಲ್ಲಿ ಹಾಜರಿ ಕೂಗಿದೋರು, ಪ್ರೆಸೆಂಟ್ ಮಿಸ್ ಅಂದ ಹುಡುಗ್ರೆಲ್ಲಾ ಪಾಠ ಕೇಳ್ತಿದ್ರಾ? ಹೋದ ಲೋಕಸಭೇಲಿ ಸರಾಸರಿ ಹಾಜರಿನೇ 79% ಇತ್ತು. ನಾನು ಕೇಳಿದ್ರೆ ಪ್ರಶ್ನೆಗಳನ್ನ ಓದಿ ಅಂತೀನಿ, ಎಣಿಸೋದಲ್ಲ, ಓದೋದು. ಬಾಯಲ್ಲಿ ಉತ್ತರ ಬರೋ ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20, ಬರಹದಲ್ಲಿ ಉತ್ತರ ಬರೋವು 230, ಅದಕ್ಕೆ ಮೀರಿ ಬಂದ್ರೆ ಚೀಟಿ ಎತ್ತೋದು. ಒಂದೇ ಪ್ರಶ್ನೆ ಮೇಲೆ ನಾಲ್ಕೈದು ಎಂಪಿಗಳ ಹೆಸರು ಇರೋದೂ ಉಂಟು. 'ದೇಶದಲ್ಲಿ ವಿಮಾನ ನಿಲ್ದಾಣಗಳ ಅಭಿವೃದ್ಧಿಗೆ ಕೈಗೊಂಡ ಕ್ರಮವೇನು' ಅಂತ ಕೇಳಿದ್ರೆ ಮೂರು ಪುಟ ಉತ್ತರ ಬರುತ್ತೆ, ಕೈಗೆ ಏನೂ ಸಿಗಲ್ಲ. ಅದೇ 'ಮೈಸೂರಿನ ಮಂಡಕಳ್ಳಿ ನಿಲ್ದಾಣದ ರನ್‌ವೇ ಉದ್ದ ಮಾಡೋಕೆ ಎಷ್ಟು ಜಮೀನು ಕೈಗೆ ಬಂದಿದೆ, ಉಳಿದದ್ದು ಯಾವಾಗ' ಅಂತ ಕೇಳಿದ್ರೆ ಮಂತ್ರಿ ಲಿಖಿತವಾಗಿ ಸಿಕ್ಕಿ ಹಾಕ್ಕೊಳ್ತಾರೆ. ಪ್ರಶ್ನೆ ಬರೀ ಎಣಿಸೋ ಲೆಕ್ಕದಲ್ಲಿ ಎರಡಕ್ಕೂ ಒಂದೊಂದೇ ಮಾರ್ಕು.

ಹುಣಸೂರಿಂದ: ಎಂಪಿಗೆ ವರ್ಷಕ್ಕೆ ಐದು ಕೋಟಿ ಬರುತ್ತಲ್ಲ, ಎಲ್ಲೋಯ್ತದೆ ಅದು?

ಅದು ಸಂಸದರ ನಿಧಿ, ಅವರ ಅಕೌಂಟಿಗಂತೂ ಬರಲ್ಲ ಅಣ್ಣ. ಎಂಪಿ ಈ ಕೆಲಸ ಆಗ್ಲಿ ಅಂತ ಶಿಫಾರಸು ಕೊಡ್ತಾರೆ, ಮಂಜೂರು ಮಾಡಿ ಮಾಡಿಸೋದು ಜಿಲ್ಲಾಡಳಿತ. 1993ರಲ್ಲಿ ಐದು ಲಕ್ಷದಿಂದ ಶುರುವಾಗಿದ್ದು, 2011ರಿಂದ ಐದು ಕೋಟಿ. ಕೋವಿಡ್ ಟೈಮಲ್ಲಿ ನಿಲ್ಲಿಸಿದ್ರಿಂದ ಹೋದ ಅವಧಿಲಿ 25 ಕೋಟಿ ಬದಲು 17 ಕೋಟಿನೇ. ಮೈಸೂರು ಕೊಡಗು ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರ, ಸಮ ಹಂಚಿದ್ರೆ ಹುಣಸೂರಿಗೆ ವರ್ಷಕ್ಕೆ 62.5 ಲಕ್ಷ. ಒಂದು ಸಮುದಾಯ ಭವನ, ನಾಲ್ಕು ಬಸ್ ಶೆಲ್ಟರು, ಎರಡು ಹೈಮಾಸ್ಟ್ ದೀಪಕ್ಕೇ ಚುಕ್ತಾ. ಮಾರಮ್ಮನ ಗುಡಿ ಜೀರ್ಣೋದ್ಧಾರಕ್ಕೆ ಕೇಳ್ಬೇಡಿ, ಪೂಜಾ ಸ್ಥಳಕ್ಕೆ ಈ ದುಡ್ಡು ಕೊಡೋ ಹಾಗಿಲ್ಲ.

ನಿಮ್ಮ ತಾಲೂಕಲ್ಲಿ ನೋಡಬೇಕಾದ್ದು ಇನ್ನೊಂದಿದೆ. ನಿಧೀಲಿ 15% ಪರಿಶಿಷ್ಟ ಜಾತಿ, 7.5% ಪರಿಶಿಷ್ಟ ಪಂಗಡದ ಜನ ಇರೋ ಕಡೆಗೆ ಅಂತ ನಿಯಮ. ಜೇನುಕುರುಬರ ಹಾಡಿಗೆ ಹೋಗೋ ರಸ್ತೆ ಬದಿಲಿ ಸಂಸದರ ನಿಧಿ ಅಂತ ಬರೆದ ಕಲ್ಲು ಎಷ್ಟು ಕಾಣ್ಸುತ್ತೆ, ಪೇಟೆ ಸರ್ಕಲಲ್ಲಿ ಎಷ್ಟು, ನೀವೇ ಒಂದು ರೌಂಡ್ ಹೊಡೀರಿ. ಕಾಗದ ಬೇಕಾದ್ರೆ ಡಿಸಿ ಕಚೇರಿಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ: ಶಿಫಾರಸಾದ ಕೆಲಸ, ಮಂಜೂರಾದ ಮೊತ್ತ, ಮುಗಿದ ದಿನಾಂಕ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯ, 150 ಪದದೊಳಗೆ ಇರ್ಬೇಕು, ಪೀಠಿಕೆ ಹಾಕಕ್ಕೋಗಿ ವಾಪಸ್ ಬರೋ ಹಂಗೆ ಮಾಡ್ಕೋಬೇಡಿ.

ತಿ.ನರಸೀಪುರದಿಂದ: ಸಂಬಳ ಎಷ್ಟು?

ತಿಂಗಳಿಗೆ 1,24,000. ಕ್ಷೇತ್ರ ಭತ್ಯೆ 87,000, ಆಫೀಸ್ ಖರ್ಚಿಗೆ 75,000, ಅಧಿವೇಶನಕ್ಕೆ ಬಂದ ದಿನ 2,500, ವರ್ಷಕ್ಕೆ 34 ಸಲ ವಿಮಾನ. ಅಂದಹಾಗೆ ನಿಮ್ಮದು ಚಾಮರಾಜನಗರ ಕ್ಷೇತ್ರ, ಮೈಸೂರು ಎಂಪಿಗೆ ಕಾಗದ ಬರೀಬೇಡಿ.

ಮಂಡ್ಯದಿಂದ, ಹೆಸರು ಬೇಡ ಅಂದೋರು: 95 ಲಕ್ಷದಲ್ಲಿ ಮಂಡ್ಯ ಎಲೆಕ್ಷನ್ ಮುಗಿಯುತ್ತಾ? ನಗ್ಬೇಡಿ.

ನಗ್ತಿಲ್ಲ. ಲೋಕಸಭೆಗೆ ಅಭ್ಯರ್ಥಿ ಖರ್ಚಿನ ಮಿತಿ ಅದೇ, 2022ರಲ್ಲಿ 70 ಲಕ್ಷದಿಂದ ಏರಿಸಿದ್ದು. ಸ್ಟಾರ್ ಪ್ರಚಾರಕರ ಓಡಾಟ, ಪಕ್ಷ ತನ್ನ ಹೆಸರಲ್ಲಿ ಮಾಡೋ ಸಾಮಾನ್ಯ ಪ್ರಚಾರ ಅದರೊಳಗೆ ಬರಲ್ಲ, ಬಾಡೂಟ ಯಾವ ಖಾತೆಗೆ ಹೋಗುತ್ತೆ ಅಂತ ನಿಮಗೇ ಗೊತ್ತು. ಗೆದ್ದೋರು ಸೋತೋರು ಎಲ್ಲಾ ಫಲಿತಾಂಶ ಬಂದು 30 ದಿನದೊಳಗೆ ಲೆಕ್ಕ ಕೊಡ್ಬೇಕು, ಸರಿಯಾದ ಕಾರಣ ಇಲ್ದೆ ಕೊಡದೋರನ್ನ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಆ ಲೆಕ್ಕನ ಜಿಲ್ಲಾ ಚುನಾವಣಾಧಿಕಾರಿ ಕಚೇರಿಲಿ ಯಾರು ಬೇಕಾದ್ರೂ ತೆಗೆಸಿ ನೋಡ್ಬೋದು, ನಿಯಮದಲ್ಲಿ ಇರೋ ಫೀಸು ಒಂದು ರೂಪಾಯಿ. ಹೋಗೋವಾಗ ನಿಮ್ಮ ಏರಿಯಾದಲ್ಲಿ ಶಾಮಿಯಾನ, ಚೇರು ಬಾಡಿಗೆಗೆ ಕೊಡೋರನ್ನ ಒಬ್ಬರನ್ನ ಜೊತೇಲಿ ಕರ್ಕೊಂಡೋಗಿ, ಬಾಡಿಗೆ ರೇಟು ಓದೋಕೆ ಅವರೇ ಸರಿ.