‘ನಮ್ಮದೇ ರಕ್ತ’ ಎಂಬ ಒತ್ತಾಯ: ಒಂದು ಆಪ್ತಸಲಹೆ ಪ್ರಕರಣ

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ ಕುಟುಂಬದ ಈ ದಂಪತಿ ಶಿವಮೊಗ್ಗದಲ್ಲಿ ನನ್ನನ್ನು ಕಾಣಲು ಬಂದಾಗ ಮದುವೆಯಾಗಿ ಏಳು ವರ್ಷಗಳಾಗಿದ್ದವು. ಪತಿಗೆ 36, ಪತ್ನಿಗೆ 31. ಇಬ್ಬರ ಅನುಮತಿ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಗೊಬ್ಬರದ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದ ಕಡತವೇ ಅರ್ಧ ಕಥೆಯನ್ನು ಹೇಳುತ್ತಿತ್ತು. ಸ್ಕ್ಯಾನಿಂಗ್ ವರದಿಗಳು, ಹಾರ್ಮೋನ್ ಪರೀಕ್ಷೆಗಳು, ಗರ್ಭನಾಳಗಳಿಗೆ ಬಣ್ಣದ ದ್ರವ ಹಾಯಿಸಿ ತೆಗೆದ ಎಕ್ಸ್‌ರೇ, ಒಂದು ಲ್ಯಾಪರೋಸ್ಕೋಪಿ, ಎಲ್ಲವೂ ಆಕೆಯವು, ಎಲ್ಲವೂ ಸಹಜ. ಪತಿಯದು ಒಂದೇ ಹಾಳೆ. ನಾಲ್ಕು ತಿಂಗಳ ಹಿಂದಿನ ಆ ವೀರ್ಯ ಪರೀಕ್ಷೆಯಲ್ಲಿ ವೀರ್ಯಾಣುಗಳ ಸಂಖ್ಯೆ ಸೊನ್ನೆ ಎಂದಿತ್ತು. ಮಕ್ಕಳಾಗದ ದಂಪತಿಗಳಲ್ಲಿ ಸರಿಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ. ಹಾಗಿದ್ದರೂ ನೋವಿಲ್ಲದ, ಕಡಿಮೆ ಖರ್ಚಿನ ಈ ಪರೀಕ್ಷೆ ಹೆಣ್ಣಿಗೆ ಅರಿವಳಿಕೆ ಕೊಟ್ಟು ಹೊಟ್ಟೆಗೆ ರಂಧ್ರ ಮಾಡಿದ ನಂತರ ನಡೆಯುವುದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಆ ಏಳು ವರ್ಷಗಳಲ್ಲಿ ನಾಗರಪೂಜೆ, ಹರಕೆ, ಉಪವಾಸ ಎಲ್ಲವೂ ಆಕೆಯ ಪಾಲಿಗೇ ಬಂದಿದ್ದವು. ನೆಂಟರ ಮನೆಯ ಸೀಮಂತಗಳಲ್ಲಿ ಮಡಿಲು ತುಂಬುವ ಹೊತ್ತಿಗೆ ಸರಿಯಾಗಿ ಆಕೆಗೆ ಅಡುಗೆಮನೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತಂತೆ.

ಅವರು ಬಂದದ್ದು ಸಾಂತ್ವನಕ್ಕಲ್ಲ. ವರದಿ ತಿಳಿದ ಮೇಲೆ ಪತಿಯ ದೊಡ್ಡಪ್ಪ, “ಹೊರಗಿನವರದ್ದು ಯಾಕೆ, ನಮ್ಮದೇ ರಕ್ತ ಇದೆಯಲ್ಲ” ಎಂದು ಪತಿಯ ತಮ್ಮನ ವೀರ್ಯವನ್ನು ಬಳಸುವ ಸಲಹೆ ಕೊಟ್ಟಿದ್ದರು. ಹಿಂದೆ ರಾಜಮನೆತನಗಳಲ್ಲೇ ನಿಯೋಗ (ಗಂಡನಿಂದ ಮಕ್ಕಳಾಗದಿದ್ದಾಗ ಬೇರೊಬ್ಬ ಗಂಡಿನಿಂದ ಸಂತಾನ ಪಡೆಯುವ ಪದ್ಧತಿ) ಇತ್ತಲ್ಲ ಎಂಬ ಸಮರ್ಥನೆಯೂ ಜೊತೆಗಿತ್ತು. ಪತಿ ಒಪ್ಪಿದ್ದರು. ಆಪ್ತಸಲಹೆ ಆಗಿದೆ ಎಂದು ಆಸ್ಪತ್ರೆಗೆ ನನ್ನಿಂದ ಒಂದು ಪತ್ರ ಬೇಕಿತ್ತು, ಅಷ್ಟೆ. ಪತ್ನಿಯನ್ನು ಕೇಳಿದಾಗ, “ಅವರು ಹೇಳಿದ ಹಾಗೆ” ಎಂಬ ಉತ್ತರ ಬಂತು.

ನಾನು ಇಬ್ಬರೊಡನೆಯೂ ಬೇರೆ ಬೇರೆಯಾಗಿ ಮಾತನಾಡಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೇ ಉಸಿರಿಗೆ ಹೇಳಿದರು: “ಮೈದುನನಿಗೆ ದಿನಾ ಊಟ ಬಡಿಸೋಳು ನಾನು. ಬರೋ ವರ್ಷ ಅವನಿಗೂ ಮದುವೆ. ನಾಳೆ ಮಗು ಅವನ ತೊಡೆ ಮೇಲೆ ಕೂತರೆ ನಾನು ಯಾವ ಕಡೆ ನೋಡಲಿ ಮೇಡಂ?” ಇದನ್ನು ಮನೆಯಲ್ಲಿ ಯಾಕೆ ಹೇಳಲಿಲ್ಲವೆಂದರೆ, ಯಾರೂ ಕೇಳಿರಲಿಲ್ಲ.

ಪತಿಯ ಮಾತು ಬೇರೆ ಕಡೆಯಿಂದ ಶುರುವಾಯಿತು. ಕೊಳೆರೋಗಕ್ಕೆ ವರ್ಷವೂ ಮೈಲುತುತ್ತದ ಔಷಧಿ ಹೊಡೆದಿದ್ದರಿಂದ ಹೀಗಾಯಿತೇ ಎಂದು ಕೇಳಿದರು. ಹಾಗೆ ತೀರ್ಮಾನಿಸಲು ಆಧಾರವಿಲ್ಲ ಎಂದೆ. ಮಾತು ಮುಂದುವರಿದಾಗ, 17ನೇ ವಯಸ್ಸಿನಲ್ಲಿ ಮಂಗನಬಾವು ಬಂದು ಎರಡೂ ವೃಷಣಗಳು ಊದಿಕೊಂಡಿದ್ದ ಸಂಗತಿ ಹೊರಬಂತು. ಪ್ರಾಯಕ್ಕೆ ಬಂದ ಮೇಲೆ ಬರುವ ಮಂಗನಬಾವು ಕೆಲವರಲ್ಲಿ ವೀರ್ಯಾಣು ಉತ್ಪತ್ತಿಗೆ ಪೆಟ್ಟು ಕೊಡುತ್ತದೆ. ಇದನ್ನು ಅವರು ಯಾವ ವೈದ್ಯರಿಗೂ ಹೇಳಿರಲಿಲ್ಲ. ತಮ್ಮನ ವೀರ್ಯವಾದರೆ ಮುಖದ ಹೋಲಿಕೆ ಇರುತ್ತದೆ, ಊರಿಗೆ ಗೊತ್ತಾಗುವುದಿಲ್ಲ ಎಂಬುದು ಅವರ ಒಪ್ಪಿಗೆಯ ಹಿಂದಿದ್ದ ನಿಜವಾದ ಕಾರಣ. ಅದು ಅವಮಾನದ ಭಯ. ಅದನ್ನು ನಾನು ಹಗುರವಾಗಿ ಕಾಣಲಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ಮೊದಲು ಹೇಳಿದ್ದು, ರೋಗನಿರ್ಣಯವೇ ಇನ್ನೂ ಮುಗಿದಿಲ್ಲ ಎಂದು. ಒಂದು ವರದಿಯಿಂದ ಸೊನ್ನೆ ಎಂದು ತೀರ್ಮಾನಿಸುವಂತಿಲ್ಲ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ ನಡುವೆ ಬಂದ ಒಂದು ಜೋರು ಜ್ವರವೂ ಫಲಿತಾಂಶವನ್ನು ಕೆಡಿಸಬಹುದು, ಹಾಗಾಗಿ ಪರೀಕ್ಷೆ ಮತ್ತೊಮ್ಮೆ ಆಗಬೇಕು. ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನುಗಳ ಮಟ್ಟ ಮತ್ತು ಕ್ರೋಮೋಸೋಮ್ ಪರೀಕ್ಷೆಗಳಾದರೆ, ತೊಂದರೆ ಇರುವುದು ನಾಳದ ಅಡಚಣೆಯಲ್ಲೋ ಉತ್ಪತ್ತಿಯಲ್ಲೋ ಎಂದು ಸಾಮಾನ್ಯವಾಗಿ ತಿಳಿಯುತ್ತದೆ. ಉತ್ಪತ್ತಿಯೇ ಕುಂದಿದ್ದರೂ ಸೂಕ್ಷ್ಮದರ್ಶಕದ ನೆರವಿನಿಂದ ಹುಡುಕುವ ಮೈಕ್ರೋ ಟೀಸೆ ಶಸ್ತ್ರಚಿಕಿತ್ಸೆಯಲ್ಲಿ ಕೆಲವರ ವೃಷಣದೊಳಗೆ ಬೆರಳೆಣಿಕೆಯ ವೀರ್ಯಾಣುಗಳು ಸಿಗುವುದುಂಟು, ಸಿಕ್ಕರೆ ಒಂದೊಂದನ್ನೇ ಅಂಡಾಣುವಿನೊಳಗೆ ಚುಚ್ಚುವ ಇಕ್ಸಿ ವಿಧಾನವಿದೆ. ಸಿಗದಿರುವುದೂ ಉಂಟು ಎಂದು ಅಷ್ಟೇ ಸ್ಪಷ್ಟವಾಗಿ ತಿಳಿಸಿದೆ.

ಎರಡನೆಯದು ಕಾನೂನು. 2021ರ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆಯ ಪ್ರಕಾರ ದಾನಿಯ ವೀರ್ಯ ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು. ದಾನಿಯ ವಯಸ್ಸು 21ರಿಂದ 55ರ ಒಳಗಿರಬೇಕು, ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳ ತಪಾಸಣೆ ಆಗಿರಬೇಕು. ತಮ್ಮನನ್ನು ಕರೆದುಕೊಂಡು ಹೋಗಿ ಕ್ಲಿನಿಕ್‌ನಲ್ಲಿ ಕೆಲಸ ಮುಗಿಸಿಕೊಂಡು ಬರುವ ದಾರಿ ಅಲ್ಲಿಲ್ಲ. ಹುಟ್ಟುವ ಮಗು ಕಾನೂನಿನ ದೃಷ್ಟಿಯಲ್ಲಿ ಈ ದಂಪತಿಯದೇ ಮಗು, ದಾನಿಗೆ ಅದರ ಮೇಲೆ ಹಕ್ಕಿಲ್ಲ. ಆದರೆ ಮನೆಯೊಳಗಿನ ಗುಟ್ಟಿಗೆ ಕಾನೂನಿನ ಕಾವಲು ಸಿಗುವುದಿಲ್ಲ. ಐದಾರು ಹಿರಿಯರಿಗೆ ಗೊತ್ತಿದ್ದು ಮಗುವಿಗೆ ಮಾತ್ರ ಗೊತ್ತಿಲ್ಲದ ಸಂಗತಿ, ನಾಳೆ ತೋಟ ಪಾಲಾಗುವ ದಿನ ಜಗಲಿಯ ಮೇಲೆ ಯಾರ ಬಾಯಿಂದಲಾದರೂ ಬಂದೀತು. ಈ ಮಾತಿಗೆ ಪತಿ ತಲೆ ಎತ್ತಿ ನೋಡಿದರು. ದಾನಿಯ ನೆರವಿನಿಂದ ಮಗುವಾದರೆ ಅದಕ್ಕೆ ಬುದ್ಧಿ ತಿಳಿಯುವ ಕಾಲದಿಂದಲೇ, ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ, ತಂದೆತಾಯಿಯೇ ಹೇಳಿಕೊಂಡು ಬರಬೇಕೆಂಬುದು ನನ್ನ ನಿಲುವು. ಅದಕ್ಕೆ ಸಿದ್ಧರಿದ್ದೀರಾ ಎಂಬ ಪ್ರಶ್ನೆಯನ್ನು ಗರ್ಭ ಧರಿಸುವ ಮೊದಲೇ ಕೇಳಿಕೊಳ್ಳಿ ಎಂದೆ.

ಮೂರನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಆಕೆಯ ಒಪ್ಪಿಗೆ. ನಿಯೋಗದ ಮಾತು ಬಂದಿದ್ದರಿಂದ, ವ್ಯಾಸರು ಬಂದಾಗ ಅಂಬಿಕೆ ಕಣ್ಣು ಮುಚ್ಚಿದ್ದನ್ನೂ ಅಂಬಾಲಿಕೆ ಬಿಳಿಚಿಕೊಂಡದ್ದನ್ನೂ ನೆನಪಿಸಿದೆ. ಆ ಕಥೆಯಲ್ಲಿ ವಂಶ ಉಳಿಸುವ ತೀರ್ಮಾನ ಅತ್ತೆಯದು, ಒಡಲು ಸೊಸೆಯರದು. ಇಂದಿನ ಕಾಯ್ದೆ ದಂಪತಿ ಇಬ್ಬರ ಲಿಖಿತ ಸಮ್ಮತಿಯನ್ನೂ ಕೇಳುತ್ತದೆ. ವೀರ್ಯವನ್ನೋ ಭ್ರೂಣವನ್ನೋ ಗರ್ಭಾಶಯಕ್ಕೆ ಸೇರಿಸುವ ಮುನ್ನ ಯಾವ ಹಂತದಲ್ಲಾದರೂ ಅದನ್ನು ಹಿಂಪಡೆಯಬಹುದು. ಇದನ್ನು ಪತಿಯ ಎದುರಿಗೇ ಆಕೆಗೆ ಹೇಳಿದೆ, ಏಕೆಂದರೆ ಅವರೂ ಅದನ್ನು ಕೇಳಿಸಿಕೊಳ್ಳಬೇಕಿತ್ತು. ಮೈದುನನ ಬಗ್ಗೆ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಆಕೆ ಆಗ ತಾವೇ ಹೇಳಿದರು. ಪತಿ ವಾದ ಮಾಡಲಿಲ್ಲ. ಪತ್ರ ಕೊಡುವುದಿಲ್ಲವೆಂದು ನಾನು ಹೇಳುವ ಅಗತ್ಯವೇ ಬರಲಿಲ್ಲ.

ಪತಿಗೆ ನಾನು ವಹಿಸಿದ ಕೆಲಸ ಒಂದೇ: ಪತ್ನಿಯಲ್ಲಿ ದೋಷವಿಲ್ಲವೆಂದು ತಾಯಿಗೂ ದೊಡ್ಡಪ್ಪನಿಗೂ ಸ್ವತಃ ತಿಳಿಸುವುದು. ಮುಂದಿನ ಭೇಟಿಗೆ ಬರುವಷ್ಟರಲ್ಲಿ ಅವರು ಅದನ್ನು ಮಾಡಿದ್ದರು. ಎರಡನೇ ಪರೀಕ್ಷೆಯಲ್ಲೂ ವೀರ್ಯಾಣು ಕಂಡಿರಲಿಲ್ಲ, ಎಫ್‌ಎಸ್‌ಎಚ್ ಹೆಚ್ಚಿತ್ತು, ಅಂದರೆ ತೊಂದರೆ ಉತ್ಪತ್ತಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಅಡಿಕೆ ಕೊಯ್ಲು ಮುಗಿದ ಮೇಲೆ ಮೈಕ್ರೋ ಟೀಸೆ ಮಾಡಿಸಲು ಪತಿ ನಿರ್ಧರಿಸಿದ್ದಾರೆ. ಅಲ್ಲಿಯವರೆಗೆ ಯಾವ ಮಾತ್ರೆ, ಸ್ಕ್ಯಾನಿಂಗ್, ಹರಕೆಯೂ ಬೇಡವೆಂದು ಪತ್ನಿ ಕೇಳಿಕೊಂಡಿದ್ದಾರೆ. 31ರ ವಯಸ್ಸಿನಲ್ಲಿ ಕೆಲವು ತಿಂಗಳ ಬಿಡುವಿನಿಂದ ಹೆಚ್ಚೇನೂ ನಷ್ಟವಿಲ್ಲವೆಂದು ಅವರ ವೈದ್ಯರೂ ಒಪ್ಪಿದ್ದಾರೆ. ಶಸ್ತ್ರಚಿಕಿತ್ಸೆ ಫಲಿಸದಿದ್ದರೆ ಬ್ಯಾಂಕಿನ ದಾನಿಯೋ ದತ್ತು ಸ್ವೀಕಾರವೋ ಎಂಬ ಮಾತನ್ನು ಮೊದಲು ಎತ್ತುವವರು ಆಕೆಯೇ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡಿದ್ದಾರೆ. ಮುಂದಿನ ಸಲ ಅತ್ತೆಯವರನ್ನೂ ಕರೆತರಲು ಹೇಳಿದ್ದೇನೆ.