ಪೇಟೆಂಟ್‌ನಿಂದ ಲಾಭ ಯಾರಿಗೆ? ಸಣ್ಣ ವರ್ಕ್‌ಶಾಪ್‌ಗೆ ಇದು ಬೇಕಾ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ವರ್ಕ್‌ಶಾಪ್ ಇದೆ. ತೆಂಗಿನಕಾಯಿ ಸುಲಿಯುವ ಯಂತ್ರಕ್ಕೆ ಹೊಸ ಬಗೆಯ ಬ್ಲೇಡ್ ಮಾಡಿದ್ದೇವೆ. ಪೇಟೆಂಟ್ ಮಾಡಿಸಿದರೆ ಲಾಭ ನಮಗಾ, ದೊಡ್ಡ ಕಂಪನಿಗಳಿಗಾ?

ಉತ್ತರ: ಕಾನೂನು ಇಬ್ಬರಿಗೂ ಒಂದೇ, ಜೇಬು ಒಂದೇ ಅಲ್ಲ. ಸಣ್ಣವರಿಗೆ ಸರ್ಕಾರದ ಶುಲ್ಕ ಕಡಿಮೆ ಇದೆ. ಅರ್ಜಿ ಬರೆದು ಸಲ್ಲಿಸುವ ಏಜೆಂಟ್‌ನ ಫೀಸೇ ಜಾಸ್ತಿ. ಸಿಕ್ಕ ಹಕ್ಕು ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ಭಾರತದಲ್ಲಿ ಮಾತ್ರ.

ಅಸಲಿ ತೊಂದರೆ ಆಮೇಲೆ ಶುರು. ಅರಸೀಕೆರೆಯಲ್ಲಿ ಯಾರೋ ನಿಮ್ಮ ಬ್ಲೇಡ್ ನಕಲು ಮಾಡಿದರು ಅನ್ನಿ. ಪೊಲೀಸರು ಬರಲ್ಲ. ನೀವೇ ಸಿವಿಲ್ ದಾವೆ ಹೂಡಬೇಕು, ವರ್ಷಗಟ್ಟಲೆ ಅಲೆಯಬೇಕು. ದೊಡ್ಡ ಕಂಪನಿಗೆ ಅದು ಖರ್ಚಿನ ಒಂದು ಬಾಬತ್ತು, ಅಷ್ಟೇ.

ಔಷಧ ಕಂಪನಿಗಳ ಆಟ ಇನ್ನೂ ಜೋರು. ಹ್ಯುಮಿರಾ ಎಂಬ ಸಂಧಿವಾತದ ಮದ್ದಿನ ಮೂಲ ಪೇಟೆಂಟ್ ಅಮೆರಿಕದಲ್ಲಿ 2016ಕ್ಕೇ ಮುಗಿಯಿತು. ಆದರೆ ಅದರ ಸುತ್ತ ನೂರಕ್ಕೂ ಹೆಚ್ಚು ಪೇಟೆಂಟ್ ಪೇರಿಸಿದ್ದರಿಂದ, ಪೈಪೋಟಿಯ ಮದ್ದು ಅಲ್ಲಿ ಅಂಗಡಿಗೆ ಬಂದಿದ್ದು 2023ರಲ್ಲಿ! ನಮ್ಮಲ್ಲಿ ಇದಕ್ಕೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಅಡ್ಡ ನಿಲ್ಲುತ್ತದೆ: ಗೊತ್ತಿರುವ ಮದ್ದಿನ ರೂಪ ಬದಲಿಸಿದರೆ ಸಾಲದು, ಗುಣವೂ ಹೆಚ್ಚಿರಬೇಕು, ಇಲ್ಲದಿದ್ದರೆ ಹೊಸ ಪೇಟೆಂಟ್ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಗ್ಲಿವೆಕ್ ಎಂಬ ಕ್ಯಾನ್ಸರ್ ಮದ್ದಿನ ಪೇಟೆಂಟ್ ಅರ್ಜಿ ತಳ್ಳಿಹಾಕಿದ್ದು ಇದೇ ಆಧಾರದಲ್ಲಿ. ಒಳ್ಳೇ ತೀರ್ಪು ಅಂತ ನನ್ನ ಅಭಿಪ್ರಾಯ.

ನಿಮ್ಮ ವಿಷಯಕ್ಕೆ ಬಂದರೆ, ನುರಿತ ಮೆಕ್ಯಾನಿಕ್‌ಗೆ ಸುಲಭವಾಗಿ ಹೊಳೆಯುವಂಥ ಬದಲಾವಣೆಗೆ ಪೇಟೆಂಟ್ ಸಿಗಲ್ಲ. ಗಟ್ಟಿ ಹೊಸತನ ಇದ್ದರೆ, ಮೊದಲು ಪ್ರಾವಿಜನಲ್ (ತಾತ್ಕಾಲಿಕ) ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಅರ್ಜಿ ಹಾಕುವವರೆಗೆ ಬ್ಲೇಡ್ ಅನ್ನು ಮೇಳದಲ್ಲಿ ತೋರಿಸಬೇಡಿ, ಯೂಟ್ಯೂಬ್‌ಗೂ ಹಾಕಬೇಡಿ.