800 ಜನರ ಆರತಕ್ಷತೆ: ಕುರ್ಚಿ ಎಷ್ಟು ಬೇಕು, ಆರ್ಕೆಸ್ಟ್ರಾ ಎಲ್ಲಿ ಕೂರಬೇಕು?

ನೀವು ಕೇಳಿರುವುದು ಇಷ್ಟು: ಹಾಸನದ ಛತ್ರದಲ್ಲಿ ತಂಗಿಯ ಮದುವೆ, ಮುಹೂರ್ತದ ಹಿಂದಿನ ಸಂಜೆ ಆರತಕ್ಷತೆ, 800 ಜನ ಬರುವ ಅಂದಾಜು. ಛತ್ರದವರು ಕೊಡುವುದು 300 ಕುರ್ಚಿ. ಇನ್ನು 500 ಕುರ್ಚಿ ಬಾಡಿಗೆಗೆ ತರಬೇಕೇ, ಆರ್ಕೆಸ್ಟ್ರಾ ಎಲ್ಲಿಡಬೇಕು, ಹಿರಿಯರಿಗೆ ತೊಂದರೆಯಾಗದಂತೆ ಹಾಡು ಹೇಗೆ ನಡೆಸಬೇಕು?

500 ಬೇಡ, 60 ಸಾಕು. ನಮ್ಮ ಕಡೆಯ ಆರತಕ್ಷತೆಗೆ ಬಂದವರು ನಾಟಕ ನೋಡುವವರ ಹಾಗೆ ಶುರುವಿನಿಂದ ಕೊನೆಯವರೆಗೆ ಕೂರುವುದಿಲ್ಲ. ಬರುತ್ತಾರೆ, ಸ್ವಲ್ಪ ಹೊತ್ತು ಕೂರುತ್ತಾರೆ, ಸಾಲಿನಲ್ಲಿ ನಿಂತು ವೇದಿಕೆ ಹತ್ತಿ ಹಾರೈಸಿ, ಮುಯ್ಯಿ ಕೊಟ್ಟು, ಊಟ ಮಾಡಿ ಹೊರಡುತ್ತಾರೆ. ಆದ್ದರಿಂದ ಮೊದಲು ಲೆಕ್ಕ ಹಾಕಬೇಕಾದ್ದು ವೇದಿಕೆಯ ಸಾಲು ಮತ್ತು ಊಟದ ಪಂಕ್ತಿ. ಕುರ್ಚಿಯೂ ಹಾಡೂ ಆ ಎರಡರ ಹಿಂದೆ ಬರುತ್ತವೆ.

ಪಂಕ್ತಿಯ ಲೆಕ್ಕ ನೋಡಿ. ಊಟದ ಹಾಲ್‌ನಲ್ಲಿ ಒಮ್ಮೆಗೆ 200 ಎಲೆ ಬೀಳುತ್ತದೆ ಎಂದುಕೊಳ್ಳಿ. ಊಟಕ್ಕೆ 35 ನಿಮಿಷ, ಎಲೆ ತೆಗೆದು ಮೇಜು ಒರೆಸಿ ಮತ್ತೆ ಎಲೆ ಹಾಕಲು 10 ನಿಮಿಷ. 800 ಜನಕ್ಕೆ ನಾಲ್ಕು ಪಂಕ್ತಿ: 7.15, 8.00, 8.45, 9.30. ಮೊದಲ ಪಂಕ್ತಿ 8ಕ್ಕೆ ಶುರುವಾದರೆ ಕೊನೆಯದು ಹತ್ತೂಕಾಲಿಗೆ ಹೋಗುತ್ತದೆ. ವಧೂವರರು ವೇದಿಕೆಗೆ ಬರುವ ಮುಂಚೆಯೇ ಎಲೆ ಹಾಕಿಸಲು ಮನೆಯವರು ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯ ತೋಟದವರಿಗೆ ಆನೆ ಓಡಾಡುವ ದಾರಿಯಲ್ಲಿ ರಾತ್ರಿ ಹೋಗುವ ಆತಂಕ ಇರುತ್ತದೆ. ಅವರನ್ನೂ, ಚಿಕ್ಕ ಮಕ್ಕಳಿರುವವರನ್ನೂ, ಡ್ರೈವರ್‌ಗಳನ್ನೂ ಮೊದಲ ಪಂಕ್ತಿಗೆ ನೀವೇ ಹೋಗಿ ಕರೆಯಬೇಕು. ಕರೆಯದಿದ್ದರೆ ಸಂಕೋಚದಿಂದ ಏಳುವುದಿಲ್ಲ.

ಈಗ ಸಾಲು. 800 ಜನ ನಾಲ್ಕು ನಾಲ್ಕು ಜನರ ಗುಂಪಾಗಿ ಹತ್ತಿದರೆ 200 ಗುಂಪು. ಗುಂಪಿಗೆ 30 ಸೆಕೆಂಡ್ ಹಿಡಿದರೆ 100 ನಿಮಿಷ. ಫೋಟೋಗ್ರಾಫರ್ ಪ್ರತಿ ಗುಂಪನ್ನೂ ಎರಡೆರಡು ಸಲ ನಿಲ್ಲಿಸಿ 50 ಸೆಕೆಂಡ್ ತೆಗೆದುಕೊಂಡರೆ ಅದೇ ಸಾಲು ಎರಡೂಮುಕ್ಕಾಲು ಗಂಟೆ ಎಳೆಯುತ್ತದೆ. ಆದ್ದರಿಂದ ವಧೂವರರು 7ಕ್ಕೆ ವೇದಿಕೆಯ ಮೇಲಿರಬೇಕು. ಮೇಕಪ್‌ನವರಿಗೆ 6.30 ಎಂದೇ ಸಮಯ ಕೊಡಿ. ಬಹುಪಾಲು ಆರತಕ್ಷತೆ ಕೆಡುವುದು ಇಲ್ಲೇ: ವಧು 8ಕ್ಕೆ ಬರುತ್ತಾಳೆ, ಅಷ್ಟರಲ್ಲಿ ಸಾಲು ಬಾಗಿಲು ದಾಟಿರುತ್ತದೆ, ಊಟದ ಹಾಲ್‌ನಲ್ಲಿ ಅರ್ಧ ಎಲೆ ಖಾಲಿ, ಆಮೇಲೆ ಎಲ್ಲರೂ ಒಟ್ಟಿಗೆ ಊಟಕ್ಕೆ ನುಗ್ಗುತ್ತಾರೆ.

ಎರಡೂ ಸಮಯಕ್ಕೆ ನಡೆದರೆ, ಅತಿ ಹೆಚ್ಚು ಜನ ಇರುವ 8.15ರ ಸುಮಾರಿಗೆ ಬಂದವರು 550ರಿಂದ 600, ಹೊರಟವರು ಸುಮಾರು 150. ಉಳಿದ 400 ಚಿಲ್ಲರೆ ಜನರಲ್ಲಿ 200 ಮಂದಿ ಎಲೆಯ ಮುಂದೆ, 60–70 ಮಂದಿ ಸಾಲಿನಲ್ಲಿ. ಕೂರುವವರು 130ರಿಂದ 190. ಅಂದಾಜು ನೂರು ತಪ್ಪಿದರೂ ಹಾಲ್‌ನಲ್ಲಿ 320 ಕುರ್ಚಿ ಧಾರಾಳ. ಉಳಿದ 40 ಕುರ್ಚಿಯನ್ನು ಊಟದ ಹಾಲ್‌ನ ಬಾಗಿಲ ಹೊರಗೆ ಹಾಕಿಸಿ, ಅಲ್ಲಿ ನಿಮ್ಮವರೊಬ್ಬರು ನಿಂತು ಮುಂದಿನ ಪಂಕ್ತಿಯವರನ್ನು ಕೂರಿಸಲಿ. ಇದನ್ನು ಬಿಟ್ಟರೆ ಉಣ್ಣುತ್ತಿರುವವರ ಬೆನ್ನ ಹಿಂದೆ ಜನ ಬಂದು ನಿಲ್ಲುತ್ತಾರೆ. ಮಜ್ಜಿಗೆ ಅನ್ನಕ್ಕೆ ಬಂದವರು ಅರ್ಧಕ್ಕೇ ಏಳುವಂತಾಗುತ್ತದೆ. ಅತಿಥಿಗೆ ಅದಕ್ಕಿಂತ ದೊಡ್ಡ ಅಗೌರವ ಇಲ್ಲ ಎಂದು ನನಗನಿಸುತ್ತದೆ.

ಹಾಲ್ 50 ಅಡಿ ಅಗಲ, ವೇದಿಕೆ ಬಿಟ್ಟು 70 ಅಡಿ ಉದ್ದ ಇದ್ದರೆ ಹೀಗೆ ಹಾಕಿಸಿ. ಎಡಗೋಡೆ ಪಕ್ಕ ಸಾಲಿಗೆ 5 ಅಡಿ, ಮಧ್ಯೆ 6 ಅಡಿ ದಾರಿ, ಬಲಗೋಡೆ ಪಕ್ಕ 4 ಅಡಿ. ಉಳಿದ 35 ಅಡಿಯಲ್ಲಿ ಎರಡು ಭಾಗ, ಒಂದೊಂದು ಭಾಗದಲ್ಲಿ ಹತ್ತು ಕುರ್ಚಿ, ಅಂದರೆ ಕುರ್ಚಿಗೆ 21 ಅಂಗುಲ. ಕೈ ಇರುವ ಪ್ಲಾಸ್ಟಿಕ್ ಕುರ್ಚಿಯಾದರೆ ಎಂಟೇ ಹಿಡಿಯುವುದು, ಹಾಗಾಗಿ ಕೈ ಇಲ್ಲದ ಕುರ್ಚಿ ಕೇಳಿ. ಒಂದು ಸಾಲಿನ ಬೆನ್ನಿನಿಂದ ಮುಂದಿನ ಸಾಲಿನ ಬೆನ್ನಿಗೆ 3 ಅಡಿ ಬಿಡಬೇಕು. ಎರಡೂವರೆಗೆ ಇಳಿಸಿದರೆ ಸೀರೆ ಉಟ್ಟವರು ದಾಟಿ ಹೋಗಲು ಇಡೀ ಸಾಲು ಏಳಬೇಕಾಗುತ್ತದೆ. ಇಪ್ಪತ್ತರಂತೆ 16 ಸಾಲಿಗೆ 48 ಅಡಿ. ವೇದಿಕೆ ಮುಂದೆ ಕ್ಯಾಮೆರಾದವರಿಗೆ 10 ಅಡಿ, ಹಿಂದೆ 12 ಅಡಿ ಉಳಿಯುತ್ತದೆ. ಶಾಮಿಯಾನದವರು ಕುರ್ಚಿ ಇಳಿಸುವ ಮೊದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಡಿ, ಇಲ್ಲದಿದ್ದರೆ ಅವರ ಕೈಗೆ ಬಂದ ಹಾಗೆ ಹಾಕಿ ಹೋಗುತ್ತಾರೆ.

ದುಂಡು ಮೇಜು ಬೇಕು ಎಂದು ಮನೆಯ ಹುಡುಗರು ಹೇಳಬಹುದು. 5 ಅಡಿಯ ಮೇಜಿಗೆ ಎಂಟು ಜನ, ಓಡಾಟವೂ ಸೇರಿ ನೂರು ಚದರಡಿ ಬೇಕು. 320 ಜನಕ್ಕೆ 4,000 ಚದರಡಿ, ನಿಮ್ಮ ಹಾಲ್ ಇರುವುದೇ 3,500. ಹಿಂದಿನ 12 ಅಡಿ ಜಾಗದಲ್ಲಿ ಮೂರು ಮೇಜು ಹಾಕಿಸಿ, ಸಾಕು. ಮಾತಾಡಲೆಂದೇ ಬರುವ ಅಜ್ಜ ಅಜ್ಜಿಯರಿಗೆ ಅದೇ ಒಳ್ಳೆಯ ಜಾಗ: ಸ್ಪೀಕರ್‌ನಿಂದ ದೂರ, ಶೌಚಾಲಯ ಹತ್ತಿರ, ಮೆಟ್ಟಿಲಿಲ್ಲ. ಹಿರಿಯರೆಂದು ಮುಂದಿನ ಸೋಫಾದಲ್ಲಿ ಸ್ಪೀಕರ್ ಎದುರಿಗೇ ಕೂರಿಸುವುದು ಗೌರವದಂತೆ ಕಂಡರೂ ಅವರಿಗೆ ಅದು ಹಿಂಸೆ, ಕಿವಿಗೆ ಮಷೀನ್ ಹಾಕಿಕೊಂಡವರಿಗಂತೂ ಇನ್ನೂ ಹೆಚ್ಚು. ಮುಂದಿನ ಎರಡು ಸಾಲು ಬೀಗರಿಗೆ ಇರಲಿ. ಅದನ್ನು ಕಾಯಲು ಚೀಟಿ ಸಾಲದು, ಒಬ್ಬರು ನಿಲ್ಲಬೇಕು.

ಆರ್ಕೆಸ್ಟ್ರಾವನ್ನು ವಧೂವರರ ವೇದಿಕೆಯ ಮೇಲೆ ಹತ್ತಿಸಬೇಡಿ. ಜನ ವೇದಿಕೆಯನ್ನು ಎಡದಿಂದ ಹತ್ತಿ ಬಲಕ್ಕೆ ಇಳಿದು ಮುಯ್ಯಿ ಬರೆಯುವ ಮೇಜು ದಾಟಿ ಊಟಕ್ಕೆ ಹೋಗಲಿ. ಇಳಿಯುವ ಬದಿಯಲ್ಲಿ, ಮೆಟ್ಟಿಲಿನಿಂದ 6 ಅಡಿ ದಾರಿ ಬಿಟ್ಟು, ಒಂದೂವರೆ ಅಡಿ ಎತ್ತರದ 16×12 ಅಡಿ ಜಗಲಿ ಹಾಕಿಸಿ. ಆ ಮೂಲೆಗೆ ಬರುವಷ್ಟು ಮುಂದಿನ ಬಲಗಡೆ ಕುರ್ಚಿ ತೆಗೆಯಬೇಕಾಗುತ್ತದೆ. ಅವನ್ನು ಹಿಂದಿನ ಮೂರು ಮೇಜುಗಳಿಗೆ ಹಾಕಿಸಿ. ಇಳಿಯುವ ಬದಿ ಏಕೆಂದರೆ ಹತ್ತುವ ಬದಿಯವರು ಎಂಟು ಹತ್ತು ನಿಮಿಷ ನಿಂತೇ ಇರುತ್ತಾರೆ, ಅವರ ಕಿವಿಯ ಪಕ್ಕ ಸ್ಪೀಕರ್ ಇರಬಾರದು. ಇಳಿದವರು ಅರ್ಧ ನಿಮಿಷದಲ್ಲಿ ದಾಟಿಬಿಡುತ್ತಾರೆ. ಕೀಬೋರ್ಡ್, ರಿದಂ ಪ್ಯಾಡ್, ತಬಲಾ, ಕೊಳಲು, ಇಬ್ಬರು ಗಾಯಕರು, ಇಷ್ಟಿದ್ದರೆ ಈ ಹಾಲ್‌ಗೆ ತುಂಬಾಯಿತು. ಡ್ರಮ್ ಸೆಟ್ ಬೇಡ: ಮೈಕ್ ಇಲ್ಲದೆಯೇ ಅದರ ಸದ್ದು ಜೋರು, ಉಳಿದವರೆಲ್ಲ ಅದನ್ನು ಮೀರಲು ಸೌಂಡ್ ಏರಿಸುತ್ತಾರೆ.

ಛತ್ರದ ಬರಿ ಗೋಡೆ, ಗ್ರಾನೈಟ್ ನೆಲದಲ್ಲಿ ಸದ್ದು ಮರುಕಳಿಸುತ್ತದೆ. ಮುಂದಿನಿಂದಲೇ ಹಿಂದಿನ ಸಾಲಿಗೆ ಮುಟ್ಟಿಸಲು ಹೋದರೆ ಮುಂದಿನವರಿಗೆ ಕಿವಿ ನೋವು, ಹಿಂದಿನವರಿಗೆ ಬರಿ ಗದ್ದಲ. ಅದಕ್ಕೇ ದೊಡ್ಡ ಎರಡು ಸ್ಪೀಕರ್ ಬದಲು ನಾಲ್ಕು ಸಾಧಾರಣ ಸ್ಪೀಕರ್ ಕೇಳಿ. ಎರಡು ಮುಂದೆ, ನೆಲದಿಂದ 7 ಅಡಿ ಎತ್ತರಕ್ಕೆ, ಹಾಡುವವರ ಮೈಕಿಗಿಂತ ಮುಂದಕ್ಕೆ. ಮೈಕ್ ಸ್ಪೀಕರ್‌ನ ಎದುರಿಗೆ ಬಂದರೆ ಕುಂಯ್ ಎಂದು ಕೂಗುತ್ತದೆ. ಇನ್ನೆರಡು ಅಲ್ಲಿಂದ 30 ಅಡಿ ಹಿಂದೆ, ಕಡಿಮೆ ಸೌಂಡಿನಲ್ಲಿ. ಹಿಂದಿನವಕ್ಕೆ 27 ಮಿಲಿಸೆಕೆಂಡ್ ಡಿಲೇ ಹಾಕಲು ಸೌಂಡ್‌ನವರಿಗೆ ಹೇಳಿ. ಮುಂದಿನ ಸದ್ದು 30 ಅಡಿ ಬರಲು ಅಷ್ಟು ಹೊತ್ತು ಬೇಕು, ಡಿಲೇ ಇಲ್ಲದಿದ್ದರೆ ಒಂದೇ ಮಾತು ಎರಡು ಸಲ ಕೇಳಿದಂತಾಗುತ್ತದೆ. ಬೇಸ್ ಬಾಕ್ಸ್ ಒಂದೇ ಸಾಕು. ಮೂಲೆಗೂ, ಟೊಳ್ಳಾದ ಮರದ ವೇದಿಕೆಯ ಕೆಳಗೂ ಇಡಬಾರದು, ಗುಂಯ್‌ಗುಡುತ್ತದೆ.

ಎಷ್ಟು ಸೌಂಡ್ ಇರಬೇಕು ಎಂಬುದಕ್ಕೆ ನನ್ನ ಅಳತೆ: ಐದನೇ ಸಾಲಿನಲ್ಲಿ ಕೂತ ಇಬ್ಬರು ದನಿ ಏರಿಸದೆ ಮಾತಾಡುವಂತಿರಬೇಕು, ಮೊಬೈಲ್ ಆ್ಯಪ್‌ನಲ್ಲಿ 65ರಿಂದ 70 ಡೆಸಿಬಲ್. ಸಂಜೆ 5.30ರೊಳಗೆ ಪರೀಕ್ಷೆ ಮುಗಿಯಲಿ. ಜನ ತುಂಬಿದಂತೆ ಮಾತಿನ ಗದ್ದಲ ಏರುತ್ತದೆ, ಸೌಂಡ್‌ನವರು ಏರಿಸುತ್ತಾರೆ, ಜನ ಇನ್ನೂ ಜೋರಾಗಿ ಮಾತಾಡುತ್ತಾರೆ. ಇದನ್ನು ತಡೆಯಲು ಮನೆಯ ಒಬ್ಬರಿಗೆ ಮಾತ್ರ ಅಧಿಕಾರ ಕೊಡಿ, ಸೌಂಡ್‌ನವರು ಅವರ ಮಾತನ್ನಷ್ಟೇ ಕೇಳಲಿ.

ಹಾಡಿನ ಕ್ರಮ: 6.30ರಿಂದ ಬಾಗಿಲಲ್ಲಿ ವಾಲಗ. ವಧೂವರರನ್ನು ವೇದಿಕೆಗೆ ಕರೆತಂದ ಮೇಲೆ ವಾಲಗ ನಿಲ್ಲಬೇಕು, ಎರಡೂ ಒಟ್ಟಿಗೆ ನುಡಿಯಬಾರದು. 7ರಿಂದ 7.45 ಕೊಳಲು, ಕೀಬೋರ್ಡ್ ಮಾತ್ರ. ಆಮೇಲೆ 9ರವರೆಗೆ ಭಾವಗೀತೆ, ಹಳೆಯ ಚಿತ್ರಗೀತೆ. 9ರಿಂದ 9.45 ಹುಡುಗರ ಇಷ್ಟದ್ದು. ಹಾಡುವವರಿಗೂ ವಾಲಗದವರಿಗೂ 8.45ರ ಪಂಕ್ತಿಯಲ್ಲಿ ಎಲೆ ಕಾದಿರಿಸಿ, ಆ ಅರ್ಧ ಗಂಟೆ ಇದೇ ಕ್ರಮದ ಧ್ವನಿಮುದ್ರಿತ ಹಾಡು ಹಾಕಿ. ರಾತ್ರಿ 11ಕ್ಕೆ ಅವರಿಗೆ ತಣ್ಣಗಾದ ಅನ್ನ ಸಿಗುವುದು ಯಾವ ಮನೆಗೂ ಶೋಭೆಯಲ್ಲ.

10ಕ್ಕೆ ನಿಲ್ಲಿಸಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಮುಚ್ಚಿದ ಸಭಾಂಗಣದ ಒಳಬಳಕೆಗೆ ವಿನಾಯಿತಿ ಇದೆ, ಆದರೆ ಕಿಟಕಿ ಬಾಗಿಲು ತೆರೆದ ಛತ್ರವನ್ನು ಮುಚ್ಚಿದ್ದು ಎಂದು ನಂಬಿಕೊಳ್ಳಬೇಡಿ. ಛತ್ರದ ಹೊರಗಿನ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಇನ್ನು ಹಾಡಿಗೆ ಲೈಸೆನ್ಸ್ ಬೇಕು ಎಂದು ಯಾರಾದರೂ ಹಣ ಕೇಳಿದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಮದುವೆಯ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ ಎಂದು ಹೇಳಿ.

ಕರೆಂಟಿನ ವಿಷಯ ಛತ್ರದವರನ್ನು ಈಗಲೇ ಕೇಳಿ: ಜನರೇಟರ್ ಆರ್ಕೆಸ್ಟ್ರಾದ ಲೋಡನ್ನೂ ಎಳೆಯುತ್ತದೆಯೇ? ಸೀರಿಯಲ್ ಲೈಟ್ ಇರುವ ಲೈನಿನಲ್ಲೇ ಸೌಂಡ್ ಮಿಕ್ಸರ್ (ಎಲ್ಲ ಮೈಕ್, ವಾದ್ಯಗಳ ಸದ್ದು ಕೂಡಿಸುವ ಪೆಟ್ಟಿಗೆ) ಹಾಕಿದರೆ ಇಡೀ ರಾತ್ರಿ ಹೂಂಕಾರ ಕೇಳುತ್ತದೆ, ಬೇರೆ ಲೈನ್, ಸರಿಯಾದ ಅರ್ಥಿಂಗ್ ಬೇಕು. ಮಿಕ್ಸರ್ ಮತ್ತು ಕೀಬೋರ್ಡಿಗೆ ಒಂದು ಯುಪಿಎಸ್ ಇದ್ದರೆ ಕರೆಂಟ್ ಹೋಗಿ ಜನರೇಟರ್ ಬರುವ ನಡುವೆ ಅವು ಆರುವುದಿಲ್ಲ, ಸ್ಪೀಕರ್‌ಗೆ ಕರೆಂಟ್ ಬಂದ ಕೂಡಲೇ ಹಾಡು ಮುಂದುವರಿಯುತ್ತದೆ.

ಚಿಕ್ಕಮಗಳೂರು ಕಡೆ ತೋಟದ ಕಣದಲ್ಲೋ ಹುಲ್ಲುಹಾಸಿನಲ್ಲೋ ಮಾಡುವವರು ಇದನ್ನು ಓದುತ್ತಿದ್ದರೆ: ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಮಳೆ ಬರುತ್ತದೆ ಎಂದೇ ಲೆಕ್ಕ ಇಟ್ಟುಕೊಂಡು ನೀರು ಸೋರದ ಶಾಮಿಯಾನ ಹಾಕಿಸಿ, ವೈರನ್ನು ನೆಲದ ಮೇಲೆ ಎಳೆಯಬೇಡಿ. ಡಿಸೆಂಬರ್‌ನಲ್ಲಿ ಕತ್ತಲಾಗುತ್ತಲೇ ಇಬ್ಬನಿಗೆ ಕುರ್ಚಿಯ ಬಟ್ಟೆ ಒದ್ದೆಯಾಗುತ್ತದೆ, ಮೇಲೆ ಹೊದಿಕೆ ಇಲ್ಲದೆ ಆಗುವುದಿಲ್ಲ.

ಮರುದಿನ ಧಾರೆಗೆ ಪುರೋಹಿತರಿಗೆ ಮಾತ್ರ ಮೈಕ್ ಕೊಡಿ. ನಾಗಸ್ವರ, ಡೋಲಿಗೆ ಹಾಲ್‌ನೊಳಗೆ ಮೈಕ್ ಬೇಕಿಲ್ಲ. ಗಟ್ಟಿಮೇಳ ಯಾವಾಗ ಎಂದು ಸನ್ನೆ ಮಾಡುವವರು ಯಾರೆಂಬುದನ್ನು ವಾಲಗದವರಿಗೆ ರಾತ್ರಿಯೇ ತೋರಿಸಿಬಿಡಿ.